ಹುಕ್ಕೇರಿಯಲ್ಲಿ ಇಲ್ಲದ ಹುಕ್ಕೇರಿಯವರು

ಬೆಳಗಾವಿಯಿಂದ ಹುಕ್ಕೇರಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ನನಗೆ ಹೆಂಗಸರ ಪುಕ್ಕಟೆ ಟಿಕೇಟು ಹರಿದು ಕೊಟ್ಟು, ಪಕ್ಕದಲ್ಲಿದ್ದ ಆಶಾಳ ಆಧಾರ್ ಕಾರ್ಡ್ ಕೇಳಿದ. ಅವಳು ಪಾಸ್‌ಪೋರ್ಟ್ ತೋರಿಸಿದಳು. "ನೋಡಾಕ ನಮ್ಮ ಕಡ್ಯಾಕಿ ಇದ್ದಂಗ ಅದೀರಿ. ಆದ್ರೂ ರೊಕ್ಕಾ ಕೊಡಬೇಕ್ರಿ" ಎಂದು ಅವನು ಪೇಚಾಡಿದ.

ಈ ಪ್ರಯಾಣಕ್ಕೆ ಕಾರಣ ನಾನೇ ಮಾಡಿದ ನಕ್ಷೆ. ನಮ್ಮ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳು ಎಲ್ಲೆಲ್ಲಿಂದ ಬರುತ್ತಾರೆಂದು ಡೇಟಾ ಹಾಕಿ ತೋರಿಸುವುದು ನನ್ನ ಕೆಲಸ. ಕಂಪ್ಯೂಟರು ಆಶಾ ಹುಕ್ಕೇರಿಯ ಅಡ್ಡಹೆಸರನ್ನೇ ಊರೆಂದು ತಿಳಿದು, ನೈರೋಬಿಯ ಹುಡುಗಿಯನ್ನು ಹುಕ್ಕೇರಿಯ ಮೇಲೆ ಕೂರಿಸಿಬಿಟ್ಟಿತು. ಕಚೇರಿಯಲ್ಲಿ ಎಲ್ಲರೂ ನಕ್ಕರು. ಆಶಾ ನಗಲಿಲ್ಲ.

"ತಿದ್ದಬ್ಯಾಡ್ರಿ ಅಕ್ಕಾರ, ಮೊದಲ ಅಲ್ಲಿಗೆ ಕರಕೊಂಡು ಹೋಗ್ರಿ" ಎಂದಳು. ಅಜ್ಜಿಯಿಂದ ಕಲಿತ ಅಚ್ಚ ನಮ್ಮ ಕಡೆಯ ಮಾತು. ಅಜ್ಜಿ ಹುಟ್ಟಿದ್ದೂ ನೈರೋಬಿಯಲ್ಲೇ, ಆದರೆ ಇಂದಿಗೂ ನಮ್ಮೂರು ಹುಕ್ಕೇರಿ ಅನ್ನುತ್ತಾಳಂತೆ. "ಅಲ್ಲಿ ನಮಗ ಇಂಡಿಯಾದವ್ರು ಅಂತಾರ, ಇಲ್ಲಿ ಫಾರಿನ್ನಾಕಿ ಅಂತಾರ. ಹುಕ್ಕೇರ್ಯಾಗರ ಯಾರರೆ ನೀ ನಮ್ಮಾಕಿ ಅಂದ್ರ ಸಾಕು."

ಹುಕ್ಕೇರಿ ಪೇಟೆಯ ಅರಿವೆ ಅಂಗಡಿಯಲ್ಲಿ ಬಸಪ್ಪ ಕಾಕಾ ಎಂಬ ಹಿರಿಯರು ಸಿಕ್ಕರು. ಹುಕ್ಕೇರಿ ಮನೆತನ ಎಲ್ಲಿದೆಯೆಂದು ಕೇಳಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಕ್ಕೇರ್ಯಾಗ ಹುಕ್ಕೇರಿ ಅನ್ನಾವ್ರು ಎಲ್ಲಿ ಸಿಗ್ತಾರವ್ವಾ? ಊರು ಬಿಟ್ಟು ಹ್ವಾದವ್ರಿಗಷ್ಟ ಆ ಹೆಸರು!"

ಇದು ನನಗೆ ಗೊತ್ತಿದ್ದ ಸಂಗತಿಯೇ. ಆದರೂ ಹೊಳೆದಿರಲಿಲ್ಲ. ಆಶಾ ಮುತ್ತಜ್ಜನ ಹೆಸರು ಹೇಳಿದಳು: ಟೇಲರ್ ರುದ್ರಪ್ಪ. ಕಾಕಾ ನಗು ನಿಲ್ಲಿಸಿದರು. "ಆಫ್ರಿಕಾಕ್ಕ ಹ್ವಾದ ರುದ್ರಪ್ಪ? ನಮ್ಮಪ್ಪ ಹೇಳ್ತಿದ್ದ. ಅವ್ರ ಮನಿಗೆ ಗೋಕಾಕರ ಮನಿ ಅಂತಿದ್ರು. ಗೋಕಾಕದಿಂದ ಬಂದಿದ್ರಲ್ಲಾ!"

ಗೋಕಾಕಕ್ಕೆ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಆಳೆತ್ತರದ ಕಬ್ಬು. ಗೋಕಾಕ ಫಾಲ್ಸಿನ ಹತ್ತಿರ ಕೆಂಪು ನೀರು ಧುಮುಕುವ ಸದ್ದು ಕೇಳುತ್ತಲೇ ನಾನು ಕಿಟಕಿಗೆ ಮುಖ ಹಚ್ಚಿದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿಯ ಮಿಲ್ಲಿನ ಕಾರ್ಮಿಕರ ಚಾಳಿನಲ್ಲಿ. ಪಾಳಿ ಮುಗಿದ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಕೂಗಿದರೆ ಅಪ್ಪ ಬರುವ ಹೊತ್ತಾಯಿತೆಂದು ತೂಗುಸೇತುವೆಯ ಕಡೆಗೆ ಓಡುತ್ತಿದ್ದೆವು. ಆ ದಿನಗಳು ಬೇಕು ಅನ್ನಿಸಿತು. ಬೇರೇನೂ ಬೇಡ ಅನ್ನಿಸಿತು.

ಗೋಕಾಕದಲ್ಲಿ ನನ್ನ ಚಿಗವ್ವ ರೊಟ್ಟಿ, ಝುಣಕ ಬಡಿಸಿ, ಮೇಲೆ ಕರದಂಟು ಇಟ್ಟಳು. ರುದ್ರಪ್ಪನ ಸುದ್ದಿ ತೆಗೆದರೆ, "ಹುಕ್ಕೇರಿಗೆ ಹ್ವಾದ ಟೇಲರ್ ಮಂದಿ ಏನ? ನಮ್ಮತ್ತಿ ಹೇಳ್ತಿದ್ದಳು, ಅವ್ರು ಇದ ಓಣ್ಯಾಗಿದ್ರಂತ. ಅವ್ರಿಗೆ ಮೂಡಲಗಿಯವ್ರು ಅಂತಿದ್ರು" ಎಂದಳು. ಆಶಾ ನನ್ನ ಮುಖ ನೋಡಿದಳು. ಕರದಂಟು ಅವಳ ಕೈಯಲ್ಲೇ ಉಳಿಯಿತು.

ಮೂಡಲಗಿ ಮುಟ್ಟುವಾಗ ಹೊತ್ತು ಇಳಿದಿತ್ತು. ಓಣಿ ಓಣಿ ಕೇಳಿದೆವು. ರುದ್ರಪ್ಪನೂ ಗೊತ್ತಿಲ್ಲ, ಅವನ ಅಪ್ಪನೂ ಗೊತ್ತಿಲ್ಲ. ಕೊನೆಗೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಗಂಗವ್ವ ಎಂಬ ಮುದುಕಿಯ ಮುಂದೆ ನಿಂತೆವು. ನಮ್ಮ ಕಥೆಯೆಲ್ಲ ಕೇಳಿ, "ಅವೆಲ್ಲ ನಂಗ ಗೊತ್ತಿಲ್ಲವಾ. ನೀ ಈಗ ಯಾವ ಊರಿಂದ ಬಂದಿ ಅದನ್ನ ಹೇಳು" ಅಂದಳು.

"ನೈರೋಬಿ."

"ಹಂಗಾರ ನೀವು ನೈರೋಬಿಯವ್ರು ಆತು." ಗಂಗವ್ವ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು. ಒಳಗಿದ್ದ ಸೊಸೆಗೆ ಕೂಗಿದಳು: "ಏ, ನೈರೋಬ್ಯಾರು ಬಂದಾರ, ಚಾ ಇಡ!"

ಆಶಾಳ ಕಣ್ಣು ತುಂಬಿದವು. ಕಳೆದುಕೊಂಡೆ ಅಂತಲೋ, ಸಿಕ್ಕಿತು ಅಂತಲೋ, ನಾನು ಕೇಳಲಿಲ್ಲ.

ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳು ಅಜ್ಜಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ನಮ್ಮವ್ರು ಸಿಕ್ಕರೇನ ಪುಟ್ಟಿ?"

"ಮೂರು ಊರು ತಿರುಗಿದ್ವಿ ಅಜ್ಜಿ. ಎಲ್ಲಾರೂ ನಮ್ಮನ್ನ ಬ್ಯಾರೆ ಊರವ್ರು ಅಂದ್ರು. ಮೂಡಲಗ್ಯಾಗ ನೈರೋಬಿಯವ್ರು ಅಂದ್ರು."

"ನೈರೋಬಿಯವ್ರು" ಎಂದು ಅಜ್ಜಿ ತಾನೂ ಒಮ್ಮೆ ಅಂದು ನೋಡಿದಳು.

"ಖರೇನ ಅಂದಾರ ಬಿಡು. ಕಾಲೇಜ ಸೂಟಿ ಬಿಟ್ಟ ಕೂಡಲೇ ಊರಿಗೆ ಬಾ."