ಕೆಂಪು ನೂಲಿನ ಕೇಪುಳ

ಆಗ ನನ್ನ ಹುಳಕ್ಕೆ ಹೆಸರಿರಲಿಲ್ಲ. ಅಕ್ಕಿ ಡಬ್ಬಿಯಲ್ಲಿ ಕಾಣುವ ಸೊಂಡಿಲಿನ ಹುಳದ ದೂರದ ನೆಂಟ, ಎಳ್ಳಿನಷ್ಟು ಗಾತ್ರ. ಬಿಕರ್ನಕಟ್ಟೆಯ ನಮ್ಮ ಅಂಗಳದ, ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವ ಕೇಪುಳ ಗಿಡದಲ್ಲಿ ಅದನ್ನು ಮೊದಲು ಕಂಡೆ. ಬಲ್ಮಠದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು ನಾನು. ಇದು ಹೊಸ ಜಾತಿಯೇ ಇರಬೇಕು ಎಂದು ಪರಿಣತರೊಬ್ಬರು ಬರೆದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಅವರದೊಂದು ತಕರಾರಿತ್ತು: ಅದು ಕೇಪುಳದಲ್ಲೇ ಹುಟ್ಟಿ ಬೆಳೆಯುತ್ತದೋ, ಸುಮ್ಮನೆ ಬಂದು ಕೂತಿತ್ತೋ? ಮೊಗ್ಗಿನೊಳಗಿಂದ ಹುಳ ಹೊರಬರುವುದನ್ನು ತೋರಿಸಬೇಕು.

ಮೊಟ್ಟೆಯಿಟ್ಟ ಮೊಗ್ಗಿನಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅಂಥ ಮೊಗ್ಗಿದ್ದ ಗೊಂಚಲುಗಳಿಗೆಲ್ಲ ಗುರುತಿಗೆಂದು ಕೆಂಪು ನೂಲು ಕಟ್ಟಿದೆ. ಹೂವಿನ ಕಾಲ ಮುಗಿಯುತ್ತಿತ್ತು. ಇವು ಹೋದರೆ ಮುಂದಿನ ವರ್ಷವೇ ಗತಿ. ಮನೆಯವರು ನಕ್ಕಾರೆಂಬ ಬಿಗುಮಾನದಿಂದ ಯಾರಿಗೂ ಹೇಳಲಿಲ್ಲ.

ಸಂಕ್ರಮಣದ ಬೆಳಿಗ್ಗೆ ನೋಡಿದರೆ ನೂಲು ಕಟ್ಟಿದ ಒಂದು ಗೊಂಚಲೂ ಇಲ್ಲ. ಮಾಮಿ, ಅಂದರೆ ನನ್ನ ಗಂಡನ ತಾಯಿ, ದೈವಕ್ಕೆ ಹೂವಿಟ್ಟು ಕೈಮುಗಿದು ಹೊರಬರುತ್ತಿದ್ದರು.

“ಮಾಮಿ, ನೂಲು ಕಟ್ಟಿದ್ದನ್ನು ಎಂತಕ್ಕೆ ಕೊಯ್ದದ್ದು?”

“ದೈವಕ್ಕೆ ಮೀಸಲು ಅಂತ ಅಲ್ವಾ ನೀನು ಕಟ್ಟಿದ್ದು? ಅಂತೂ ಇವಳಿಗೆ ಭಕ್ತಿ ಬಂತು ಅಂತ ನನಗೆ ಖುಷಿ ಆಯ್ತು ಮಾರಾಯ್ತಿ!”

ನನಗೆ ಅಳು ಬಂತು. ಸಿಟ್ಟೂ ಬಂತು, ಹೆಚ್ಚಾಗಿ ಬಾಯಿ ಮುಚ್ಚಿಕೊಂಡಿದ್ದ ನನ್ನ ಮೇಲೆಯೇ. ಮೆಟ್ಟಿಲ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದೆ. ಮಾಮಿ ನಗಲಿಲ್ಲ.

“ತೂತು ಬಿದ್ದ ಮೊಗ್ಗಾ? ಹುಳ ಮುಟ್ಟಿದ್ದನ್ನು ಯಾರಾದ್ರೂ ದೈವಕ್ಕೆ ಇಡ್ತಾರಾ? ಒಂದೊಂದೇ ನೋಡಿ ಬೇರೆ ಮಾಡಿದ್ದೇನೆ. ಬಾವಿಕಟ್ಟೆ ಹತ್ರ ಗೆರಟೆಯಲ್ಲಿ ಉಂಟು, ನೋಡು.”

ಓಡಿದೆ. ತೆಂಗಿನ ಗೆರಟೆಯ ತುಂಬ ತೂತಿನ ಮೊಗ್ಗುಗಳು, ಮೇಲೆ ನನ್ನ ಕೆಂಪು ನೂಲು. ನಾನು ಭೂತಗನ್ನಡಿ ಹಿಡಿದು ಅರ್ಧ ದಿನ ಹೆಣಗುವ ಕೆಲಸವನ್ನು ಮಾಮಿ ಕಾಫಿಗೆ ಮೊದಲೇ ಮುಗಿಸಿದ್ದರು. ಮೊಗ್ಗುಗಳನ್ನು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಹಾಕಿದೆವು. ಬಾಯಿಗೆ ಕಟ್ಟಲು ಅವರೇ ಹಳೆಯ ಸೀರೆಯ ಚೂರು ಹರಿದು ಕೊಟ್ಟರು. ಆಮೇಲೆ ನನಗಿಂತ ಹೆಚ್ಚು ಸಲ ಬಾಟಲಿ ನೋಡಿದವರೂ ಅವರೇ.

ಒಂದು ವಾರ ಕಳೆದಿರಬೇಕು. ನಾನು ಕಾಲೇಜಿಗೆ ಹೊರಟಿದ್ದೆ.

“ಮಗಾ, ಬೇಗ ಬಾ! ನಿನ್ನವ ಹೊರಗೆ ಬರ್ತಾ ಇದ್ದಾನೆ!”

ಒಣಗಿದ ಮೊಗ್ಗನ್ನು ಕೊರೆದು ಮೊದಲು ಸೊಂಡಿಲು ಬಂತು, ಆಮೇಲೆ ಹುಳ. ಇಬ್ಬರೂ ಬಾಟಲಿಗೆ ಮೂಗು ತಾಗಿಸಿ ನೋಡಿದೆವು. ನಾನು ಫೋಟೋ ಮೇಲೆ ಫೋಟೋ ತೆಗೆದೆ.

ಹುಳಕ್ಕೀಗ ಹೆಸರಿದೆ. ಲೇಖನದಲ್ಲಿ ಅದರ ಪಕ್ಕದಲ್ಲೇ ಕೇಪುಳದ ಹೆಸರೂ ಅಚ್ಚಾಗಿದೆ. ಮಾಮಿ ಈಗಲೂ ಸಂಕ್ರಮಣಕ್ಕೆ ಹೂ ಕೊಯ್ಯುತ್ತಾರೆ. ಅದಕ್ಕೂ ಮೊದಲು ನಾಲ್ಕು ಗೊಂಚಲುಗಳಿಗೆ ತಾವೇ ಕೆಂಪು ನೂಲು ಕಟ್ಟುತ್ತಾರೆ.

“ಇದನ್ನು ಯಾರೂ ಮುಟ್ಟಬೇಡಿ,” ಎಂದು ಮನೆಗೆಲ್ಲ ಕೇಳುವಂತೆ ಹೇಳುತ್ತಾರೆ. “ಹುಳಕ್ಕೆ ಮೀಸಲು.”