ಗಂಗತ್ತೆ ಒಗೆದ ಟವೆಲು

ಮೊನ್ನೆ ಬೆಳಿಗ್ಗೆ ಮುಖ ತೊಳೆದು ಟವೆಲಿಗೆ ಒತ್ತಿಕೊಂಡೆ. ಹಿಂದಿನ ದಿನವಷ್ಟೇ ಹೂವಿನ ಪರಿಮಳದ ದ್ರವ ಸುರಿದು ಮಷೀನಿನಲ್ಲಿ ಒಗೆದದ್ದು. ಆದರೂ ಆ ಪರಿಮಳದ ಅಡಿಯಿಂದ ಮುಗ್ಗಲು ವಾಸನೆ ಎದ್ದು ಬಂತು, ಸೋನೆ ಹಿಡಿದಾಗಿನ ಒದ್ದೆ ಗೋಣಿಚೀಲದ ವಾಸನೆ. ನಿಮ್ಮ ಮನೆಯಲ್ಲೂ ಬಂದಿರುತ್ತದೆ ಬಿಡಿ. ಬಿಸಿನೀರು, ಸೋಡಾ, ಒಂದು ಒಳ್ಳೆಯ ಬಿಸಿಲು, ಅಷ್ಟಕ್ಕೆ ಹೋಗುತ್ತದೆ. ನಾನು ಮಾತ್ರ ಟವೆಲನ್ನು ಅಲ್ಲೇ ಕೈಬಿಟ್ಟೆ. ಇಷ್ಟು ವರ್ಷದ ಮೇಲೂ ಆ ವಾಸನೆಗೆ ನನ್ನನ್ನು ಹೀಗೆ ಬೆಚ್ಚಿಬೀಳಿಸುವ ಶಕ್ತಿಯಿದೆ.

ಗಂಗತ್ತೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಬಿಳಿಗೆರೆಯಿಂದ ಒಂದು ಟ್ರಂಕು ಹಿಡಿದು, ನೊಣವಿನಕೆರೆ ದಾರಿಯಲ್ಲಿದ್ದ ನಮ್ಮ ಹೆಂಚಿನ ಮನೆಗೆ ಬಂದವಳು. ಅವಳನ್ನು ಕೂಳಿಗೆ ದಂಡ, ಭೂಮಿಗೆ ಭಾರ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ; ಅವಳ ಮೂಗು ಅಂಥದ್ದು. ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ನಡುವೆ ಒಂದು ಕಾಯಿ ಕೊಳೆತು ಸೋರಿದರೆ ಸುತ್ತಲಿನವೂ ಕೆಟ್ಟವು ಅಂತಲೇ. ಪ್ರತಿ ಸೋಮವಾರ ಅತ್ತೆ ಸೀರೆ ಎತ್ತಿ ಕಟ್ಟಿ ಏಣಿ ಹತ್ತುವಳು, ಬಗ್ಗಿ ಮೂಸುತ್ತ ಹೋಗಿ, ರಾಶಿಯೊಳಗೆ ಕೈ ಹಾಕಿ ಆ ಕೆಟ್ಟ ಕಾಯನ್ನೇ ಎಳೆಯುವಳು. "ಅಕ್ಕ ಹೂಂ ಅಂದ್ರೆ ಮುಗೀತು" ಅನ್ನುತ್ತಿದ್ದ ಅಪ್ಪ. ಮನೆಯ ಟವೆಲುಗಳೂ ಅವಳ ಪಾಲಿನವು. ತೆಂಗಿನ ಸೋಗೆ ಸುಟ್ಟ ಬೂದಿಯನ್ನು ಗಂಟು ಕಟ್ಟಿ ಹಂಡೆಯಲ್ಲಿ ಕುದಿಸಿ, ಟವೆಲು ಅದ್ದಿ, ಕಲ್ಲಿಗೆ ಬಡಿದು, ಹುಲ್ಲಿನ ಮೆದೆಯ ಮೇಲೆ ಹರಡುವಳು. ಸಂಜೆ ಅದನ್ನು ಮುಖಕ್ಕೆ ಒತ್ತಿಕೊಂಡರೆ ಬಿಸಿಲೇ ಮೂಗಿಗೆ ಬಡಿಯುತ್ತಿತ್ತು.

ನನಗೆ ಹತ್ತು ವರ್ಷವಿದ್ದಾಗ, ಒಂದು ಮಳೆಗಾಲ, ಮಡಿಸಿಟ್ಟ ಟವೆಲು ಮುಗ್ಗಲು ಹೊಡೆಯುತ್ತಿತ್ತು. "ಅತ್ತೆ, ಇದು ನಾರ್ತೈತೆ" ಅಂದೆ. ಅವಳು ಮೂಗಿಗೆ ಒತ್ತಿಕೊಂಡಳು, ಮತ್ತೆ ಒತ್ತಿಕೊಂಡಳು, ಮುಖ ಬಿಳಿಚಿಕೊಂಡಿತು. ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದಳು.

"ಜ್ವರ ಬಂದೋದಾಗಿಂದ ನಂಗೆ ಯಾವ ವಾಸ್ನೆನೂ ತಿಳೀತಿಲ್ಲ ಕಣೇ. ಮೂರು ವಾರದಿಂದ ಅಟ್ಟಾನ ಸುಮ್ಕೆ ಹತ್ತಿ ಇಳೀತಿದೀನಿ. ನಿಮ್ಮಪ್ಪಂಗೆ ಹೇಳ್ಬ್ಯಾಡ. ಅದೂ ಹೋದ್ರೆ ಈ ಮನೇಲಿ ನಂದೇನೈತೆ?"

ಅತ್ತೆಗೆ ಮೂಗಿಲ್ಲ ಅಂದರೆ ಬಾವಿಯಲ್ಲಿ ನೀರಿಲ್ಲ ಅಂದ ಹಾಗೆ. ಅಂದಿನಿಂದ ಅವಳ ಹಿಂದೆ ನಾನೂ ಅಟ್ಟ ಹತ್ತಿದೆ. ನಾನು ಮೂಸಿ ಸೆರಗು ಎಳೆಯುವುದು, ಅವಳು ಕಾಯಿ ತೆಗೆಯುವುದು. ಟವೆಲು ಮಡಿಸುವ ಮೊದಲು ಒಂದೊಂದನ್ನೂ ನನ್ನ ಮುಖಕ್ಕೆ ಹಿಡಿದು "ನೋಡೇ" ಅನ್ನುವಳು. ನನಗೋ ಒಳಗೊಳಗೇ ಭಾರಿ ಜಂಬ.

ಒಂದು ದಿನ, ಜೊತೆಯ ಹುಡುಗಿಯರ ಮುಂದೆ ಅವಳು ನನ್ನನ್ನು ಮೈಗಳ್ಳಿ ಅಂದಳು. ನಾನು ಮೂತಿ ಊದಿಸಿಕೊಂಡೆ. ಮಾರನೆಯ ಬೆಳಿಗ್ಗೆ ಅವಳು ಹಿಡಿದ ಟವೆಲು ಗಬ್ಬು ನಾರುತ್ತಿತ್ತು. "ಚೆನ್ನಾಗೈತೆ" ಅಂದೆ. ಅವತ್ತೇ ಚಿಕ್ಕನಾಯಕನಹಳ್ಳಿಯಿಂದ ನೆಂಟರು ಬಂದರು. ಊಟವಾಗಿ ಕೈತೊಳೆದ ಹಿರಿಯರೊಬ್ಬರಿಗೆ ಅಪ್ಪ ಅದನ್ನೇ ಕೊಟ್ಟ. ಅವರು ಬಾಯಿ ಒರೆಸಿಕೊಂಡವರೇ ಮುಖ ಕಿವುಚಿದರು. ಅಪ್ಪ ಇಸಿದುಕೊಂಡು ಮೂಸಿದ.

"ಏನಕ್ಕ ಇದು, ಕೊಳೆತ ಕಾಯಂಗೆ ನಾರ್ತೈತೆ. ನಿಂಗೆ ತಿಳೀಲಿಲ್ವಾ?"

ಅತ್ತೆ ನನ್ನ ಕಡೆ ನೋಡಿದಳು. ಈಗ ನನ್ನ ಹೆಸರು ಹೇಳುತ್ತಾಳೆ ಅಂದುಕೊಂಡೆ.

"ನಂಗೆ ಮೂಗು ಹೋಗೈತೆ ಕಣಪ್ಪ" ಅಂದಳು, ಅಷ್ಟೇ.

ಮುಂದಿನ ಸೋಮವಾರ ಅಪ್ಪ ಅಟ್ಟ ಹತ್ತಿದ. ಅತ್ತೆ ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದಳು.

ಆ ಮನೆ ಈಗಿಲ್ಲ, ಅಪ್ಪನೂ ಇಲ್ಲ. ಕೊನೆಯ ದಿನಗಳಲ್ಲಿ ಅತ್ತೆ ತಿಪಟೂರಿನಲ್ಲಿ ನನ್ನ ಜೊತೆಗೇ ಇದ್ದಳು. ಅವತ್ತಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಎತ್ತಬೇಕಾದವಳು ನಾನೇ. ಒಂದು ಮಳೆಗಾಲದ ಮಧ್ಯಾಹ್ನ ಸ್ನಾನ ಮಾಡಿಸಿ ಮುಖ ಒರೆಸಲು ಹೋದೆ. ಅವಳು ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿಗೆ ಒತ್ತಿ ಹಿಡಿದಳು.

"ಚೆನ್ನಾಗಿ ಒಗ್ದಿದೀಯ ಬುಡು. ಬಿಸ್ಲು ವಾಸ್ನೆ ಬತ್ತೈತೆ" ಅಂದಳು.

ಅವಳನ್ನು ಮಲಗಿಸಿ ಬಂದು ನಾನೂ ಮೂಸಿ ನೋಡಿದೆ. ಮುಗ್ಗಲು ಹೊಡೆಯುತ್ತಿತ್ತು.