ಲೈಸೆನ್ಸಿನ ಮೇಲಿನ ಕುಂಕುಮ

ಸಣ್ಣ ಹಡಗು ನಡೆಸುವ ಮಾಸ್ಟರ್ ಲೈಸೆನ್ಸು ನನ್ನ ಹತ್ರ ಐತಿ. ಮಾಡೋದು ಡೆಕ್ಕು ತೊಳೆಯೋ ಖಲಾಸಿ ಕೆಲಸ. ಲೈಸೆನ್ಸು ಬಂದಾಗ ನನ್ನ ಹೆಂಡತಿ ಅದಕ್ಕ ಕುಂಕುಮ ಹಚ್ಚಿ, ನೀರು ತಾಗಬಾರದು ಅಂತ ನಮ್ಮೂರು ಮಾಗಳದಿಂದ ಹಡಗಲಿ ಪ್ಯಾಟಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದ್ಲು. ಮರುವರ್ಷ ತೀರಿಕೊಂಡ್ಲು.

ಆಮೇಲೆ ನಮ್ಮ ಹಡಗಿನಾಗ ಮಾಸ್ಟರ್ ಜಾಗ ಖಾಲಿ ಆತು. ಆ ಜಾಗಕ್ಕ ಸೇರಾಕ ಲೈಸೆನ್ಸಿನ ಮೇಲೆ ಸೀಲು ಬೇಕಂತ ಹೋದ್ರ, ಬಂದರು ಆಫೀಸಿನ ಸಾಹೇಬ್ರು ಅದನ್ನ ನೋಡಿ ನಕ್ಕರು.

“ಪ್ಲಾಸ್ಟಿಕ್ ಮೇಲೆ ಸೀಲು ಹೇಗಯ್ಯಾ ಹಾಕ್ಲಿ? ಕಿತ್ಕೊಂಡು ಬಾ.”

“ಕಿತ್ತರ ಕುಂಕುಮನೂ ಹೋಗ್ತೈತ್ರೀ.”

“ನಿಂಗೆ ಕುಂಕುಮ ಬೇಕೋ, ಕೆಲಸ ಬೇಕೋ?”

ಬ್ಲೇಡು ಕೊಟ್ರು. ಒಂದು ಮೂಲಿ ಎಬ್ಬಿಸಿದೆ. ಕುಂಕುಮದಾಗ ಅವಳ ಬೆರಳಿನ ಗುರುತು ಹಂಗಾ ಇತ್ತು. ಬ್ಲೇಡು ವಾಪಸ್ ಕೊಟ್ಟೆ.

ಈಗ ಹೊಸ ಮಾಸ್ಟರ್ ಬಂದಾನ. ಹಡಗು ದಂಡಿಗೆ ಹಚ್ಚುವಾಗ ಗಾಬರಿಯಾದ್ರ ನನ್ನ ಕಡೆ ನೋಡ್ತಾನ. ನಾನು ಕಸಬರಿಗಿ ಎತ್ತಿ ಎಡಕ್ಕೋ ಬಲಕ್ಕೋ ತೋರಿಸ್ತೀನಿ.